ಚರ್ಚಾಪಾಠ: ದೊಡ್ಡ ಕಡಲಜೀವಿಗಳನ್ನು ಮತ್ಸ್ಯಾಲಯದಲ್ಲಿ ಇಡಬಹುದೇ?

(ಪ್ರೌಢಶಾಲಾ ತರಗತಿಗಳಿಗೆ, ಎರಡು ಅವಧಿಗಳು)

ಪೀಠಿಕೆ

ಆದವಾನಿ, ಕೋಸಿಗಿ, ಕೌತಾಳಂ, ಹೊಳಗುಂದ ಮಂಡಲಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದುವ ಅನೇಕ ಮಕ್ಕಳು ಸಮುದ್ರವನ್ನು ಕಂಡವರಲ್ಲ. ಹತ್ತಿ, ಜೋಳದ ಹೊಲಗಳ ನಡುವೆ ಬೆಳೆದ ಇವರಿಗೆ ತುಂಗಭದ್ರೆಯೇ ದೊಡ್ಡ ನೀರು. ಡಾಲ್ಫಿನ್, ತಿಮಿಂಗಿಲ ಮೊದಲಾದ ಜೀವಿಗಳನ್ನು ಗಾಜಿನ ತೊಟ್ಟಿಗಳಲ್ಲಿ ಇಡುವುದನ್ನು ಸಮರ್ಥಿಸುವವರು ಮುಂದಿಡುವ ಪ್ರಬಲ ಕಾರಣವೂ ಇಂಥ ಮಕ್ಕಳೇ. ಕಡಲಿನಿಂದ ದೂರವಿರುವವರು ಕಣ್ಣಾರೆ ಕಾಣದ ಜೀವಿಯನ್ನು ಪ್ರೀತಿಸುವುದೆಂತು ಎಂಬುದು ಅವರ ಪ್ರಶ್ನೆ. ಆದ್ದರಿಂದ ಈ ಚರ್ಚೆ ನಮ್ಮ ತರಗತಿಗೆ ಹೊರಗಿನದಲ್ಲ. ತಮ್ಮ ಹೆಸರಿನಲ್ಲಿ ಹೂಡಲಾಗುವ ವಾದವನ್ನು ಮಕ್ಕಳೇ ತೂಗಿ ನೋಡುವಂತೆ ಮಾಡುವುದು ಈ ಪಾಠದ ಉದ್ದೇಶ.

ಉಪಾಧ್ಯಾಯರು ತಿಳಿದಿರಬೇಕಾದ ಸಂಗತಿಗಳು

1998ರಲ್ಲಿ ಚೆನ್ನೈ ಬಳಿಯ ಮನರಂಜನಾ ಉದ್ಯಾನವೊಂದಕ್ಕೆ ಬಲ್ಗೇರಿಯಾದಿಂದ ಡಾಲ್ಫಿನ್‌ಗಳನ್ನು ತರಲಾಯಿತು. ಅವು ಕೆಲವೇ ತಿಂಗಳುಗಳಲ್ಲಿ ಸತ್ತವು. ಮುಂದೆ ಕೊಚ್ಚಿ ಮೊದಲಾದೆಡೆ ಡಾಲ್ಫಿನ್ ಪ್ರದರ್ಶನಾಲಯಗಳ ಪ್ರಸ್ತಾವ ಬಂದಾಗ ವಿರೋಧವೆದ್ದಿತು. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು ಇಂಥ ಯಾವ ಪ್ರಸ್ತಾವಕ್ಕೂ ಅನುಮತಿ ನೀಡಬಾರದೆಂದು ರಾಜ್ಯ ಸರಕಾರಗಳಿಗೆ ಸುತ್ತೋಲೆ ಕಳುಹಿಸಿತು. ಡಾಲ್ಫಿನ್ ಅತಿ ಬುದ್ಧಿಯುಳ್ಳ, ಸೂಕ್ಷ್ಮ ಸ್ವಭಾವದ ಜೀವಿ ಎಂಬುದು ಅದು ನೀಡಿದ ಮುಖ್ಯ ಕಾರಣ.

ಡಾಲ್ಫಿನ್ ಮೀನಲ್ಲ, ಸಸ್ತನಿ. ಅದು ಶಬ್ದವನ್ನು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ದಾರಿಯನ್ನೂ ಆಹಾರವನ್ನೂ ಅರಿಯುತ್ತದೆ. ಗುಂಪಿನಲ್ಲಿ ಬಾಳುತ್ತದೆ. ಡಾಲ್ಫಿನ್ ಕುಟುಂಬದಲ್ಲೇ ದೊಡ್ಡದಾದ ಓರ್ಕಾ ಒಂದೇ ದಿನದಲ್ಲಿ 100 ಕಿ.ಮೀ.ಗೂ ಹೆಚ್ಚು ಈಜಬಲ್ಲದು. ಆದವಾನಿಯಿಂದ ಮಂತ್ರಾಲಯಕ್ಕೆ ಹೋಗಿ ಮರಳಿದರೆ ಸುಮಾರು ಅಷ್ಟು ದೂರವಾಗುತ್ತದೆ ಎಂದು ಹೇಳಿದರೆ ಮಕ್ಕಳಿಗೆ ಅಳತೆ ಮನದಟ್ಟಾಗುವುದು.

ಪರವಾದ

ಮತ್ಸ್ಯಾಲಯಗಳಿಂದ ವಿಜ್ಞಾನಕ್ಕೆ ಲಾಭವಾಗಿದೆ. ಜಪಾನಿನ ಒಕಿನಾವಾ ಮತ್ಸ್ಯಾಲಯದಲ್ಲಿ 2007ರಲ್ಲಿ ಮಂಟಾ ತಿರಂಡಿ ಮರಿ ಹಾಕಿತು; ತೊಟ್ಟಿಯಲ್ಲಿ ಅಂಥ ಜನನವಾದದ್ದು ಅದೇ ಮೊದಲು. ಗಾಯಗೊಂಡ ಜೀವಿಗಳಿಗೆ ಕೆಲವು ಮತ್ಸ್ಯಾಲಯಗಳು ಚಿಕಿತ್ಸೆ ನೀಡುತ್ತವೆ. ಬಹುಕಾಲ ಬಂಧನದಲ್ಲಿದ್ದ ಜೀವಿಯನ್ನು ಬಿಟ್ಟುಬಿಡುವುದೂ ಸುಲಭವಲ್ಲ. ಚಲನಚಿತ್ರದಿಂದ ಪ್ರಸಿದ್ಧವಾದ ಕೈಕೋ ಎಂಬ ಓರ್ಕಾವನ್ನು ವರ್ಷಗಟ್ಟಲೆ ಸಿದ್ಧಗೊಳಿಸಿ ಕಡಲಿಗೆ ಬಿಡಲಾಯಿತು. ಆದರೂ ಅದು ಮನುಷ್ಯರ ಸಂಗವನ್ನೇ ಅರಸುತ್ತ, 2003ರಲ್ಲಿ ನಾರ್ವೆಯ ತೀರದಲ್ಲಿ ಸತ್ತಿತು.

ವಿರೋಧವಾದ

ಕಂಡರೆ ಮಾತ್ರ ಪ್ರೀತಿ ಹುಟ್ಟುತ್ತದೆ ಎಂಬುದನ್ನು ಗುಜರಾತಿನ ಅನುಭವದ ಎದುರಿಗಿಟ್ಟು ನೋಡಬೇಕು. ಅಲ್ಲಿನ ಮೀನುಗಾರರು ತಿಮಿಂಗಿಲ ಶಾರ್ಕನ್ನು ಕಣ್ಣಾರೆ ಕಂಡವರೇ, ಕಂಡೇ ಬೇಟೆಯಾಡುತ್ತಿದ್ದರು. 2001ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಬಳಿಕ ಮರಿ ಹಾಕಲು ತವರಿಗೆ ಬರುವ ಮಗಳಂತೆ ಅದನ್ನು ಕಾಣಬೇಕೆಂಬ ಪ್ರಚಾರ ನಡೆಯಿತು. ಬಲೆ ಕತ್ತರಿಸಿ ಶಾರ್ಕನ್ನು ಬಿಟ್ಟವರಿಗೆ ಪರಿಹಾರ ನೀಡಲಾಯಿತು. ಬೇಟೆಗಾರರೇ ರಕ್ಷಕರಾದರು. ಇಲ್ಲಿ ಮನಸ್ಸನ್ನು ತಿರುಗಿಸಿದ್ದು ತೊಟ್ಟಿಯಲ್ಲ; ಕಾನೂನು, ತಿಳಿವಳಿಕೆ ಮತ್ತು ಬಡವನ ನಷ್ಟಕ್ಕೆ ಕೊಟ್ಟ ಬೆಲೆ.

ಅಂಗಳದ ಚಟುವಟಿಕೆ

ಒಕಿನಾವಾದ ದೊಡ್ಡ ತೊಟ್ಟಿ 35 ಮೀಟರ್ ಉದ್ದ, 27 ಮೀಟರ್ ಅಗಲ, 10 ಮೀಟರ್ ಆಳವಿದೆ. ಜಗತ್ತಿನ ದೊಡ್ಡ ತೊಟ್ಟಿಗಳಲ್ಲಿ ಇದೂ ಒಂದು. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಈ ಆಯತವನ್ನು ಎಳೆಯಿಸಿರಿ. ಅದರೊಳಗೆ ತಿಮಿಂಗಿಲ ಶಾರ್ಕಿಗೆ ಬದಲಾಗಿ 9 ಮೀಟರ್ ಹಗ್ಗವೊಂದನ್ನು ಹಿಡಿದು ಮಕ್ಕಳು ಸಾಲಾಗಿ ನಡೆಯಲಿ. ಹಗ್ಗ ತನ್ನ ಉದ್ದದ ನಾಲ್ಕು ಪಟ್ಟು ಸಾಗುವುದರೊಳಗೆ ಗೋಡೆ ಎದುರಾಗುತ್ತದೆ. ಬಳಿಕ 12 ಮೀಟರ್ ಹಗ್ಗವನ್ನು ಬಳಸಿರಿ. ಪೂರ್ಣ ಬೆಳೆದ ತಿಮಿಂಗಿಲ ಶಾರ್ಕು ಅದಕ್ಕೂ ಉದ್ದವಿರಬಲ್ಲದು. ಕಂಡದ್ದನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆಯಲಿ. ತೀರ್ಮಾನವನ್ನು ಉಪಾಧ್ಯಾಯರು ಹೇಳಿಕೊಡಬಾರದು.

ಚರ್ಚೆ ನಡೆಸುವ ಕ್ರಮ

ತರಗತಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಪರ, ವಿರೋಧಗಳನ್ನು ಮಂಡಿಸಲು ಹೇಳಿರಿ. ಅರ್ಧ ಅವಧಿಯ ನಂತರ ಪಕ್ಷಗಳನ್ನು ಅದಲುಬದಲು ಮಾಡಿರಿ. ಚಿಕ್ಕ ಮೀನುಗಳ ತೊಟ್ಟಿ, ಗಾಯಗೊಂಡ ಜೀವಿಯ ಆರೈಕೆ, ಆಟ ತೋರಿಸಲು ಹಿಡಿದ ಡಾಲ್ಫಿನ್ ಇವು ಮೂರೂ ಒಂದೇ ಅಲ್ಲವೆಂಬ ವಿವೇಚನೆ ಮಾತಿನಲ್ಲಿ ಕಾಣಬೇಕು. "ನೋಡಬೇಕೆಂಬ ಆಸೆ" ಮತ್ತು "ಹಿಡಿದಿಡುವ ಹಕ್ಕು" ಎಂಬ ಎರಡು ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮೊದಲನೆಯದರಿಂದ ಎರಡನೆಯದು ತಾನಾಗಿ ಬರುವುದೇ ಎಂದು ಕೇಳಿರಿ. ಕಡಲನ್ನು ಕಾಣುವ ಮಕ್ಕಳ ಆಸೆ ತಪ್ಪಲ್ಲ. ಅದನ್ನು ಹಗುರವಾಗಿ ತಳ್ಳಿಹಾಕಬಾರದು.

ಮುಂದುವರಿದ ಕೆಲಸ

ಕರ್ನಾಟಕ ಸರಕಾರವು 2015ರಲ್ಲಿ ಕಂಪ್ಲಿಯವರೆಗಿನ 34 ಕಿ.ಮೀ. ತುಂಗಭದ್ರೆಯನ್ನು ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. ಅದೇ ನದಿ ಮುಂದೆ ಮಂತ್ರಾಲಯಕ್ಕೆ ಬರುತ್ತದೆ. ನದಿತೀರದ ಊರುಗಳ ಮಕ್ಕಳು ಮೀನುಗಾರರನ್ನೂ ಹಿರಿಯರನ್ನೂ ಕೇಳಿ, ನೀರುನಾಯಿ, ಆಮೆ, ಮೀನುಗಳ ಬಗ್ಗೆ ಒಂದು ಪುಟ ಬರೆದು ತರಲಿ.

ಮೌಲ್ಯಮಾಪನ

ಯಾವ ಪಕ್ಷವನ್ನು ಹಿಡಿದರೆಂಬುದಕ್ಕೆ ಅಂಕವಿಲ್ಲ. ಕಾರಣ ಮತ್ತು ಆಧಾರಗಳಿಗೆ ಅಂಕ.

1. 2013ರ ಸುತ್ತೋಲೆಯನ್ನು ನೀವು ಸಮರ್ಥಿಸುವಿರಾ? ಎರಡು ಕಾರಣಗಳನ್ನು ಕೊಡಿರಿ.
2. ಕೈಕೋ ಕಥೆ ಯಾವ ಪಕ್ಷಕ್ಕೆ ಬಲ ನೀಡುತ್ತದೆ? ಏಕೆ?
3. ಸಮುದ್ರವನ್ನು ಕಾಣದ ಮಗುವಿಗೆ ಡಾಲ್ಫಿನನ್ನು ಪರಿಚಯಿಸಲು ತೊಟ್ಟಿಯಲ್ಲದೆ ಬೇರೆ ಯಾವ ದಾರಿಗಳಿವೆ?