ದೇವರ ಪಟ್ಟಿಯ ಮರುಓದು: ‘ಫೆಂಗ್‌ಶೆನ್ ಯಾನ್‌ಯಿ’ಯಿಂದ ‘ಹೋಶಿನ್ ಎಂಗಿ’ಯವರೆಗೆ

ಅಭಿಜಾತ ಕೃತಿಯೊಂದು ಜನಪ್ರಿಯ ಮಾಧ್ಯಮಕ್ಕೆ ರೂಪಾಂತರಗೊಂಡಾಗ ವಿಮರ್ಶೆಯು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಮೂಲನಿಷ್ಠೆಯದು. ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬ ಲೆಕ್ಕಾಚಾರದಲ್ಲಿ ರೂಪಾಂತರವು ಸದಾ ಸಾಲಗಾರನ ಸ್ಥಾನದಲ್ಲಿಯೇ ನಿಲ್ಲಬೇಕಾಗುತ್ತದೆ. ಚೀನಾದ ಪೌರಾಣಿಕ ಕಾದಂಬರಿ ‘ಫೆಂಗ್‌ಶೆನ್ ಯಾನ್‌ಯಿ’ಯು ಜಪಾನಿನಲ್ಲಿ ಮಂಗಾ ಎಂಬ ಚಿತ್ರಕಥನವಾಗಿ, ಅನಂತರ ಅನಿಮೆ ಎಂಬ ದೂರದರ್ಶನ ಸರಣಿಯಾಗಿ ಮಾರ್ಪಟ್ಟ ಬಗೆಯನ್ನು ಪರಿಶೀಲಿಸಿದರೆ ಈ ಲೆಕ್ಕಾಚಾರದ ಮಿತಿ ಸ್ಪಷ್ಟವಾಗುತ್ತದೆ. ಮೂಲವು ಉತ್ತರಿಸದೆ ಬಿಟ್ಟ ಪ್ರಶ್ನೆಯೊಂದನ್ನು ರೂಪಾಂತರವು ಹೇಗೆ ಕೈಗೆತ್ತಿಕೊಳ್ಳಬಲ್ಲದು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೂಲವೂ ಒಂದು ಮರುಕಥನ

ನೂರು ಅಧ್ಯಾಯಗಳ ಈ ಕಾದಂಬರಿ ಮಿಂಗ್ ಅರಸರ ಕಾಲದ್ದು. ಕರ್ತೃತ್ವ ವಿವಾದಾಸ್ಪದ, ಶು ಝೊಂಗ್‌ಲಿನ್ ಮತ್ತು ಲು ಶಿಶಿಂಗ್ ಎಂಬ ಇಬ್ಬರ ಹೆಸರುಗಳನ್ನು ವಿದ್ವಾಂಸರು ಮುಂದಿಟ್ಟಿದ್ದಾರೆ. ಉಳಿದುಬಂದಿರುವ ಅತ್ಯಂತ ಹಳೆಯ ಮುದ್ರಿತ ಪ್ರತಿ ಜಪಾನಿನ ರಾಷ್ಟ್ರೀಯ ದಫ್ತರದ ನೈಕಾಕು ಬುಂಕೋ ಸಂಗ್ರಹದಲ್ಲಿದೆ. ಕ್ರಿ.ಪೂ. 11ನೆಯ ಶತಮಾನದಲ್ಲಿ ಶಾಂಗ್ ವಂಶ ಅಳಿದು ಝೌ ವಂಶ ಅಧಿಕಾರಕ್ಕೆ ಬಂದದ್ದು ಕಥೆಯ ಚಾರಿತ್ರಿಕ ತಿರುಳು. ಇದೇ ವಸ್ತುವನ್ನು ಕುರಿತ ಕಥನವೊಂದು 14ನೆಯ ಶತಮಾನದ ಆರಂಭದಲ್ಲಿಯೇ ಮುದ್ರಣಗೊಂಡಿತ್ತು. ಆದುದರಿಂದ ‘ಮೂಲ’ವೆಂದು ಕರೆಯಲಾಗುವ ಪಠ್ಯವೂ ಒಂದು ಮರುಕಥನವೇ ಆಗಿದೆ.

ಇದಕ್ಕೆ ಬಾಲವೀರ ನೆಝಾ ಉತ್ತಮ ನಿದರ್ಶನ. ಈತನ ಹೆಸರಿನ ಮೂಲವನ್ನು ವಿದ್ವಾಂಸರು ಕುಬೇರನ ಮಗ ನಳಕೂಬರನಲ್ಲಿ ಗುರುತಿಸಿದ್ದಾರೆ. ಭಾಗವತದಲ್ಲಿ ಶಾಪದಿಂದ ಮರವಾಗಿ, ಒರಳೆಳೆದ ಕೃಷ್ಣನಿಂದ ಬಿಡುಗಡೆ ಪಡೆದವನಾಗಿ ಕನ್ನಡ ಓದುಗರಿಗೆ ಪರಿಚಿತನಾದ ನಳಕೂಬರನು ಬೌದ್ಧ ತಂತ್ರಗ್ರಂಥಗಳ ಅನುವಾದಗಳ ಮೂಲಕ ಚೀನಾ ತಲುಪಿ ತಂದೆಯೊಡನೆ ಸೆಣಸುವ ವೀರನಾದನು. ಜಪಾನೀ ಮಂಗಾದಲ್ಲಿ ಆತನೇ ನತಾಕು.

2. ಪಟ್ಟಿ ಮತ್ತು ಬಿರುಕು

ಶಾಂಗ್ ವಂಶದ ಕಡೆಯ ದೊರೆ ನ್ಯೂವಾ ದೇವಿಯ ಗುಡಿಯ ಗೋಡೆಯ ಮೇಲೆ ಕಾಮುಕ ಪದ್ಯವೊಂದನ್ನು ಬರೆಯುವುದರಿಂದ ಕಥೆ ಆರಂಭವಾಗುತ್ತದೆ. ಕ್ರುದ್ಧಳಾದ ದೇವಿಗೂ ಆ ವಂಶದ ಆಯುಸ್ಸು ಇನ್ನೂ 28 ವರ್ಷ ಉಳಿದಿದೆಯೆಂದು ತಿಳಿದು ತಡೆಯಬೇಕಾಗುತ್ತದೆ. ರಾಜ್ಯವನ್ನು ಒಳಗಿನಿಂದ ಕೆಡಿಸಲು ಆಕೆ ಮೂರು ಮಾಯಾಜೀವಿಗಳನ್ನು ಕಳುಹಿಸುತ್ತಾಳೆ. ಅವುಗಳಲ್ಲೊಂದಾದ ನರಿ ದಾಜಿಯ ದೇಹವನ್ನು ಹೊಕ್ಕು ರಾಣಿಯಾಗುತ್ತದೆ. ಇತ್ತ 40 ವರ್ಷ ತಪಸ್ಸು ಮಾಡಿದ 72ರ ಮುದುಕ ಜಿಯಾಂಗ್ ಝಿಯಾ, ದೇವಪದವಿಗೇರಬೇಕಾದವರ ಪಟ್ಟಿಯ ಹೊಣೆ ಹೊತ್ತು ಪರ್ವತದಿಂದ ಇಳಿದು ಬರುತ್ತಾನೆ. ಯುದ್ಧಾನಂತರ 365 ಪದವಿಗಳನ್ನು ಆತ ಘೋಷಿಸುತ್ತಾನೆ. ಎರಡೂ ಪಕ್ಷಗಳ ಸತ್ತವರಿಗೆ ಅದರಲ್ಲಿ ಸ್ಥಾನವಿದೆ. ಸೋತ ದೊರೆಯೂ ಒಂದು ನಕ್ಷತ್ರದ ಅಧಿದೇವತೆಯಾಗುತ್ತಾನೆ.

ಈ ಸಮಾಧಾನದಿಂದ ಹೊರಗುಳಿಯುವವರು ದೇವಿಯೇ ಕಳುಹಿಸಿದ ಮೂವರು. ಕೊನೆಯಲ್ಲಿ ನ್ಯೂವಾ ತಾನೇ ಅವರನ್ನು ಸೆರೆಹಿಡಿದು ಝೌ ಪಕ್ಷಕ್ಕೆ ಒಪ್ಪಿಸುತ್ತಾಳೆ. ‘ನಿನ್ನ ಆಜ್ಞೆಯನ್ನೇ ನೆರವೇರಿಸಿದೆವು’ ಎಂಬ ಅವರ ಮೊರೆಗೆ, ಜನರನ್ನು ಹಿಂಸಿಸಲು ತಾನು ಹೇಳಿರಲಿಲ್ಲವೆಂಬುದು ದೇವಿಯ ಸಮಜಾಯಿಷಿ. ಕಥೆ ಅಲ್ಲಿಂದ ಮುಂದೆ ಸಾಗಿಬಿಡುತ್ತದೆ. ಆದರೆ ಆಜ್ಞೆಯಿತ್ತವರ ಹೊಣೆಯೇನು ಎಂಬ ಪ್ರಶ್ನೆ ಪಠ್ಯದಲ್ಲಿ ಬಿರುಕಾಗಿ ಉಳಿಯುತ್ತದೆ.

3. ವಿಧಿಯ ವಿಚಾರಣೆ

ಫುಜಿಸಾಕಿ ರ್ಯೂ ಅವರ ‘ಹೋಶಿನ್ ಎಂಗಿ’ 1996ರಿಂದ 2000ದವರೆಗೆ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 23 ಸಂಪುಟಗಳಾಯಿತು. ಇದಕ್ಕೆ ಆಧಾರ ಆನೋ ತ್ಸುತೊಮು ಅವರ ಜಪಾನೀ ಅನುವಾದ. ಮೇಲ್ನೋಟಕ್ಕೆ ಕಾಣುವ ಬದಲಾವಣೆಗಳು ಹಲವು: ಮುದುಕ ಜಿಯಾಂಗ್ ಝಿಯಾ ಇಲ್ಲಿ ಹುಡುಗನಂತೆ ಕಾಣುವ, ಸೋಮಾರಿಯೂ ಚತುರನೂ ಆದ ತೈಕೋಬೋ, ಆತನ ವಾಹನ ಮಾತನಾಡುವ, ನೀರಾನೆಯನ್ನು ಹೋಲುವ ಪ್ರಾಣಿ. ಕಿರಿಯ ಓದುಗರ ವಾರಪತ್ರಿಕೆಯ ಅಗತ್ಯಗಳಿಂದ ಇವುಗಳನ್ನು ವಿವರಿಸಬಹುದು.

ಆದರೆ ಎರಡು ಪಲ್ಲಟಗಳಿಗೆ ಆ ವಿವರಣೆ ಸಾಲದು. ಮೊದಲನೆಯದಾಗಿ, ತೈಕೋಬೋನ ಬುಡಕಟ್ಟಿನವರು ರಾಜಸಮಾಧಿಯ ನರಬಲಿಗಾಗಿ ಬೇಟೆಗೊಳಗಾದವರು. ಅನ್ಯಾಂಗ್‌ನ ಉತ್ಖನನಗಳು ಹಾಗೂ ಭವಿಷ್ಯ ಕೇಳುವ ಮೂಳೆಗಳ ಬರಹಗಳು ಶಾಂಗ್ ಅರಸರು ಚ್ಯಾಂಗ್ ಜನರನ್ನು ಬಲಿಗೊಟ್ಟದ್ದನ್ನು ಸಾಬೀತುಪಡಿಸುತ್ತವೆ. ಚಿತ್ರಕಥನವು ಹೀಗೆ ನಾಯಕನನ್ನು ಬಲಿಪಶುಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಎರಡನೆಯದಾಗಿ, ಕಾದಂಬರಿಯ ನ್ಯೂವಾ ಇಲ್ಲಿ ಜೋಕಾ. ಕಳೆದುಹೋದ ತನ್ನ ಲೋಕದ ಚರಿತ್ರೆಯನ್ನೇ ಈ ಭೂಮಿಯ ಮೇಲೆ ಮರಳಿ ನಡೆಸಬಯಸುವ, ದಾರಿ ತಪ್ಪಿದ ನಾಗರಿಕತೆಗಳನ್ನು ಅಳಿಸಿಹಾಕುವ ಅಗೋಚರ ಶಕ್ತಿ ಆಕೆ. ಮೂಲದಲ್ಲಿ ಪಾಲಿಸಬೇಕಾಗಿದ್ದ ವಿಧಿ ಇಲ್ಲಿ ಎದುರಿಸಬೇಕಾದ ಯಜಮಾನಿಕೆಯಾಗುತ್ತದೆ. ದಾಜಿಯ ಗತಿಯೂ ಬದಲಾಗುತ್ತದೆ: ಕಾದಂಬರಿಯಲ್ಲಿ ಶಿರಚ್ಛೇದಕ್ಕೊಳಗಾಗುವ ಆಕೆ ಇಲ್ಲಿ ದಕ್ಕಿಯಾಗಿ ಜೋಕಾಳ ದೇಹವನ್ನೇ ವಶಪಡಿಸಿಕೊಂಡು ಭೂಮಿಯಲ್ಲಿ ಲೀನವಾಗುತ್ತಾಳೆ. ಆಜ್ಞೆಗೆ ಬಲಿಯಾದವಳು ಆಜ್ಞೆಯಿತ್ತವಳನ್ನು ಮೀರುವ ಈ ಅಂತ್ಯವನ್ನು ಮೂಲದ ಬಿರುಕಿಗೆ ದೊರೆತ ಉತ್ತರವೆಂದು ಓದಬಹುದು.

ಇದರಿಂದಾದ ನಷ್ಟವನ್ನೂ ಗುರುತಿಸಬೇಕು. ವಿಧಿಗೊಂದು ಮುಖ ದೊರೆತೊಡನೆ ಅದು ಸೋಲಿಸಬಹುದಾದ ಶತ್ರುವಾಗಿಬಿಡುತ್ತದೆ. ದೇವರನ್ನೂ ಕಟ್ಟಿಹಾಕುವ ಆ 28 ವರ್ಷಗಳ ನಿರಾಕಾರ ಭಾರ ಚಿತ್ರಕಥನಕ್ಕೆ ದಕ್ಕುವುದಿಲ್ಲ.

4. ಅನಿಮೆಯ ಕಾಲಮಿತಿ

1999ರಲ್ಲಿ 26 ಕಂತುಗಳ ಮೊದಲ ಅನಿಮೆ ಪ್ರಸಾರವಾದಾಗ ಮಂಗಾ ಇನ್ನೂ ಮುಗಿದಿರಲಿಲ್ಲ; ಸರಣಿಯು ತನ್ನದೇ ಅಂತ್ಯವನ್ನು ಕಟ್ಟಿಕೊಳ್ಳಬೇಕಾಯಿತು. 2018ರ ‘ಹಾಕ್ಯೂ ಹೋಶಿನ್ ಎಂಗಿ’ಗೆ ಪೂರ್ಣ ಪಠ್ಯ ಲಭ್ಯವಿತ್ತು, ಆದರೆ ದೊರೆತದ್ದು 23 ಕಂತುಗಳು, ಅಂದರೆ ಸಂಪುಟಗಳ ಸಂಖ್ಯೆಯಷ್ಟೇ. ಘಟನೆಗಳಿಗೆ ಹೆಚ್ಚು ನಿಷ್ಠವಾಗಲು ಅವಕಾಶವಿದ್ದ ಸರಣಿಗೆ ಆ ಘಟನೆಗಳ ಅರ್ಥ ಮಾಗಲು ಬೇಕಾದ ಬಿಡುವು ಇರಲಿಲ್ಲ. ನಿಷ್ಠೆಯನ್ನು ಘಟನೆಗಳ ಎಣಿಕೆಯಿಂದ ಅಳೆಯುವುದರ ದೋಷ ಇಲ್ಲಿ ಎದ್ದುಕಾಣುತ್ತದೆ.

ಒಟ್ಟಿನಲ್ಲಿ, ರೂಪಾಂತರದ ಅಧ್ಯಯನವು ಬಿಟ್ಟುಹೋದ ಪ್ರಸಂಗಗಳ ಪಟ್ಟಿಯಿಂದ ಮುಂದೆ ಸಾಗಬೇಕಾಗಿದೆ. ಮೂಲಪಠ್ಯ ಎಲ್ಲಿ ತಡವರಿಸಿತು, ಹೊಸ ಪಠ್ಯ ಅಲ್ಲಿಗೆ ಮರಳಿತೇ, ಮರಳಿ ಏನನ್ನು ಕಳೆದುಕೊಂಡಿತು ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಾಗ ಮರುಕಥನವೇ ಒಂದು ಬಗೆಯ ವಿಮರ್ಶೆಯೆಂಬುದು ಮನದಟ್ಟಾಗುತ್ತದೆ. ಪಂಪನಿಂದ ಕುವೆಂಪು ಅವರವರೆಗೆ ಮರುಕಥನಗಳಿಂದಲೇ ಬೆಳೆದ ಸಾಹಿತ್ಯವನ್ನು ಬೋಧಿಸುವವರಿಗೆ ಈ ಪ್ರಶ್ನೆಗಳು ಹೊರಗಿನವೇನೂ ಅಲ್ಲ.