ಸೇನೆಯ ವಿಲೇವಾರಿ ಟ್ರೇಲರ್: ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

ಕಾರ್ಖಾನೆಯಿಂದ ಗೋದಾಮಿಗೆ, ಗೋದಾಮಿನಿಂದ ಗಿರಾಕಿಯ ಅಂಗಳಕ್ಕೆ ಸರಕನ್ನು ತಾವೇ ಸಾಗಿಸಿಕೊಳ್ಳುವ ಸಣ್ಣ ಉದ್ದಿಮೆದಾರರಿಗೆ ಎರಡು ಗಾಲಿಯ ಟ್ರೇಲರ್ ಅನುಕೂಲವಾದ ಸಾಧನ. ಅದಕ್ಕೆ ಎಂಜಿನ್ ಇಲ್ಲ; ಕೆಲಸವಿಲ್ಲದ ದಿನ ಕಳಚಿ ನಿಲ್ಲಿಸಬಹುದು. ಹೊಸದರ ಬೆಲೆ ಕೇಳಿ ಹಿಂಜರಿದವರ ಗಮನ ಸಹಜವಾಗಿಯೇ ‘ಮಿಲಿಟರಿ ಡಿಸ್ಪೋಸಲ್’ ಮಾಲಿನತ್ತ ಹರಿಯುತ್ತದೆ. ಎರಡನೆಯ ಮಹಾಯುದ್ಧ ಮುಗಿದು ಜೀಪು, ಟ್ರಕ್ಕುಗಳೊಡನೆ ಟ್ರೇಲರುಗಳೂ ನಾಗರಿಕರ ಕೈಸೇರಿದ ಕಾಲದಿಂದ ಆ ಮಾತಿಗೆ ಗಟ್ಟಿಮುಟ್ಟು ಎಂಬ ಅರ್ಥ ಅಂಟಿಕೊಂಡಿದೆ. ಆ ಖ್ಯಾತಿ ಸುಳ್ಳಲ್ಲ. ಆದರೆ ನೋಂದಣಿಯಾಗದೆ ಹಿತ್ತಲಲ್ಲಿ ನಿಂತ ಗಟ್ಟಿಮುಟ್ಟಾದ ಟ್ರೇಲರಿನಿಂದ ವ್ಯಾಪಾರಿಗೆ ಯಾವ ಉಪಯೋಗವೂ ಇಲ್ಲ.

ಸೇನೆಯು ತನಗೆ ಬೇಡವಾದ ವಾಹನ ಮತ್ತು ಸಾಮಗ್ರಿಗಳನ್ನು ಉಕ್ಕು ಸಚಿವಾಲಯದ ಅಧೀನದ ಎಂ.ಎಸ್.ಟಿ.ಸಿ. ಸಂಸ್ಥೆಯ ಇ-ಹರಾಜಿನ ಮೂಲಕ ಮಾರುತ್ತದೆ. ಮಾರಾಟವು ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿಗೆ ಒಳಪಟ್ಟಿರುತ್ತದೆ. ಕೊಂಡ ಮೇಲೆ ದೋಷ ಕಂಡರೆ ದೂರಲು ಯಾರೂ ಇಲ್ಲ. ಆದುದರಿಂದ ಪರಿಶೀಲನೆಗೆ ಗೊತ್ತುಪಡಿಸಿದ ದಿನ ಡಿಪೋಗೆ ಖುದ್ದಾಗಿ ಹೋಗಿ ನೋಡದೆ ಬೆಲೆ ಕೂಗುವುದು ಸಲ್ಲದು.

ಡಿಪೋಗೆ ಹೋಗುವ ಮೊದಲೇ ಓದಬೇಕಾದುದು ಲಾಟಿನ ವಿವರಣೆ. ಅದನ್ನು ವಾಹನವಾಗಿ ಮಾರಲಾಗುತ್ತಿದೆಯೇ ಅಥವಾ ಗುಜರಿಯಾಗಿಯೇ ಎಂಬುದೇ ಇಡೀ ವ್ಯವಹಾರದ ತಿರುಳು. ಗುಜರಿಯೆಂದು ಕೊಂಡುದು ಎಷ್ಟೇ ಸುಸ್ಥಿತಿಯಲ್ಲಿದ್ದರೂ ರಸ್ತೆಗೆ ಇಳಿಯಲಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ 15 ವರ್ಷ ಮೀರಿದ ಸರ್ಕಾರಿ ವಾಹನಗಳು ನೋಂದಾಯಿತ ಗುಜರಿ ಘಟಕಗಳಿಗೇ ಹೋಗಬೇಕು. ದೇಶರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿಯಿದೆ. ಕೂಗಲು ಅರ್ಹರು ಯಾರೆಂಬುದನ್ನು ಷರತ್ತುಗಳಲ್ಲಿ ಓದಿಕೊಂಡೇ ಮುಂಗಡ ಠೇವಣಿ ಕಟ್ಟುವುದು ಕ್ಷೇಮ.

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಟ್ರೇಲರ್ ಸಹ ಮೋಟಾರು ವಾಹನವೇ. ಸೇನೆಯ ವಾಹನಗಳಿಗೆ 60ನೆಯ ಪ್ರಕರಣದಡಿ ಪ್ರತ್ಯೇಕ ನೋಂದಣಿಯಿದೆ. ಅವು ಸೇನೆಯ ಸ್ವತ್ತಾಗಿ ಉಳಿಯದ ಕ್ಷಣದಿಂದ ಸಾಮಾನ್ಯ ನೋಂದಣಿಯ ನಿಯಮಗಳೇ ಅನ್ವಯಿಸುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳ 47ನೆಯ ನಿಯಮವು ಸೇನೆಯಿಂದ ಬಂದ ವಾಹನಗಳಿಗೆ ಸಂಬಂಧಪಟ್ಟ ಅಧಿಕಾರಿಗಳು ನಮೂನೆ 21ರಲ್ಲಿ ನೀಡಿದ ಮೂಲ ಮಾರಾಟ ಪತ್ರವನ್ನು ಕೇಳುತ್ತದೆ. ಟ್ರೇಲರಿಗಾದರೆ ಅದರ ವಿನ್ಯಾಸಕ್ಕೆ ಅನುಮೋದನೆ ದೊರೆತ ನಡವಳಿಯ ಪ್ರತಿಯೂ ಬೇಕು. ಮೊದಲನೆಯದನ್ನು ಡಿಪೋದಿಂದ ಪಡೆಯಬಹುದು. ತೊಡಕಿರುವುದು ಎರಡನೆಯದರಲ್ಲಿ. ಹರಾಜಿಗೆ ಮೊದಲೇ ಲಾಟಿನ ವಿವರ ಹಾಗೂ ಛಾಯಾಚಿತ್ರಗಳೊಡನೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದರೆ ಮುಂದಿನ ಅಲೆದಾಟ ತಪ್ಪುತ್ತದೆ. ಮಧ್ಯವರ್ತಿಯಿಂದ ಕೊಳ್ಳುವವರು ಮಾರಾಟ ಪತ್ರದ ನೆರಳಚ್ಚು ಪ್ರತಿಗೆ ತೃಪ್ತರಾಗಬಾರದು. ಚಾಸಿಸ್ ಸಂಖ್ಯೆಯನ್ನು ಲೋಹದ ಮೇಲೆಯೇ ಓದಿ ಮೂಲ ಪತ್ರದೊಡನೆ ತಾಳೆ ನೋಡಬೇಕು.

‘ಸ್ವಂತ ಸರಕು ತಾನೆ, ಪರ್ಮಿಟ್ಟು ಏಕೆ?’ ಎಂಬ ಮಾತು ವರ್ತಕರಲ್ಲಿ ಬಳಕೆಯಲ್ಲಿದೆ. 66ನೆಯ ಪ್ರಕರಣದ ವಿನಾಯಿತಿ ದೊರೆಯುವುದು ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ; ಸರಕು ಸ್ವಂತದ್ದು ಎಂಬ ಕಾರಣಕ್ಕಲ್ಲ. ಟ್ರೇಲರಿನ ನೋಂದಣಿ ಸಂಖ್ಯೆ ಅದರ ಪಕ್ಕದಲ್ಲಿಯೂ ಎಳೆಯುವ ವಾಹನದ ಸಂಖ್ಯೆ ಟ್ರೇಲರಿನ ಮೇಲೆಯೂ ಇರಬೇಕು. ಸೇನೆಯ ಆಲಿವ್ ಹಸಿರನ್ನು ಅಂದಕ್ಕಾಗಿ ಉಳಿಸಿಕೊಳ್ಳುವ ಆಸೆಯನ್ನೂ ಬಿಡಬೇಕು. ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆ ಬಣ್ಣ ಬಳಿಯುವುದನ್ನು 121ನೆಯ ನಿಯಮ ನಿಷೇಧಿಸಿದೆ.

ಇನ್ನು ಯಂತ್ರದ ವಿಚಾರ. ಸೇನೆಯ ಟ್ರೇಲರಿನ ಸ್ವಂತ ತೂಕವೇ ಹೆಚ್ಚು. ಮಹಾಯುದ್ಧ ಕಾಲದ ಕಾಲು ಟನ್ನಿನ ಜೀಪು ಟ್ರೇಲರ್ ಖಾಲಿಯಿದ್ದಾಗ ಸುಮಾರು 250 ಕೆ.ಜಿ. ತೂಗುತ್ತಿತ್ತು, ದಾರಿಯಿಲ್ಲದ ನೆಲದಲ್ಲಿ ಅದಕ್ಕೆ ಗೊತ್ತುಪಡಿಸಿದ ಹೊರೆ ಸುಮಾರು 227 ಕೆ.ಜಿ. ಮಾತ್ರ. ಎಳೆಯುವ ವಾಹನದ ಮೇಲೆ ಬೀಳುವುದು ಎರಡೂ ಸೇರಿದ ಭಾರ. ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂತಿಯ ಕೊಂಡಿಯ ಮೇಲೆ ಬೀಳುವಂತೆ ಸರಕನ್ನು ಜೋಡಿಸಬೇಕು. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಅನುಭವಿ ಚಾಲಕನಿಗೂ ಅದನ್ನು ಹಿಡಿತಕ್ಕೆ ತರುವುದು ಕಷ್ಟ.

ಮೂತಿಯಲ್ಲಿರುವುದು ಉಕ್ಕಿನ ದಪ್ಪ ಬಳೆ. ಅದು ಸೇನೆಯ ಕೊಕ್ಕೆಗೆಂದೇ ಮಾಡಿದುದು, ಎತ್ತರವೂ ಅದಕ್ಕೆ ತಕ್ಕುದು. ಪಿಕಪ್ ವಾಹನಕ್ಕೆ ಕೊಕ್ಕೆಯನ್ನು ಬೇರೆಯಾಗಿ ಕೂರಿಸಬೇಕಾಗುತ್ತದೆ. ದೀಪಗಳು 24 ವೋಲ್ಟಿನವಾಗಿದ್ದು ಎಳೆಯುವ ವಾಹನ 12 ವೋಲ್ಟಿನದಾದರೆ ಬಲ್ಬುಗಳು ಮಂಕಾಗಿ ಉರಿಯುತ್ತವೆ. ಬಲ್ಬು, ಪ್ಲಗ್ಗು ಎರಡನ್ನೂ ಬದಲಿಸಬೇಕು. ಟೈರಿನ ಗೀರು ಆಳವಾಗಿದ್ದ ಮಾತ್ರಕ್ಕೆ ಅದು ಹೊಸದಲ್ಲ. ಪಕ್ಕದಲ್ಲಿ ಅಚ್ಚೊತ್ತಿದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಬಹುಕಾಲ ನಿಂತ ಟ್ರೇಲರಿನ ಬೇರಿಂಗಿನಲ್ಲಿ ಗ್ರೀಸ್ ಒಣಗಿರುತ್ತದೆ. ಗಾಲಿಯನ್ನು ಎತ್ತಿ ತಿರುಗಿಸಿದರೆ ಸದ್ದಿನಿಂದಲೇ ತಿಳಿಯುತ್ತದೆ. ಪಟ್ಟಿ ಸ್ಪ್ರಿಂಗು ಚಾಸಿಸ್‌ಗೆ ಸೇರುವ ಜಾಗದ ತುಕ್ಕನ್ನು ಸುತ್ತಿಗೆಯಿಂದ ಬಡಿದು ನೋಡಬೇಕು. ಹಳೆಯ ಮಾದರಿಗಳಲ್ಲಿ ರಿಮ್ ಎರಡು ಹೋಳಾಗಿದ್ದು ಬೋಲ್ಟುಗಳಿಂದ ಬಿಗಿದಿರುತ್ತದೆ. ಗಾಳಿಯನ್ನು ಪೂರ್ತಿ ಬಿಡದೆ ಅವುಗಳನ್ನು ಸಡಿಲಿಸಿದರೆ ಹೋಳು ಸಿಡಿದು ಪ್ರಾಣಕ್ಕೇ ಅಪಾಯ. ಪಂಕ್ಚರ್ ಅಂಗಡಿಯ ಹುಡುಗನಿಗೆ ಇದನ್ನು ಮೊದಲೇ ಹೇಳಬೇಕು.

ಲೆಕ್ಕಕ್ಕಾಗಿ, ಕೂಗಿದ ಬೆಲೆ ರೂ. 60,000 ಎಂದಿಟ್ಟುಕೊಳ್ಳೋಣ. ಶೇ. 18ರ ಜಿ.ಎಸ್.ಟಿ. ರೂ. 10,800. ನೋಂದಣಿಯಿಲ್ಲದೆ ರಸ್ತೆಯಲ್ಲಿ ಎಳೆದು ತರುವಂತಿಲ್ಲವಾದುದರಿಂದ ಲಾರಿ ಬಾಡಿಗೆ ಮತ್ತು ಕ್ರೇನಿಗೆ 12,000, ಟೈರು-ಟ್ಯೂಬಿಗೆ 16,000, ಬೇರಿಂಗು-ಬ್ರೇಕಿಗೆ 8,000, ಕೊಕ್ಕೆ ಮತ್ತು ವೈರಿಂಗಿಗೆ 9,000, ಬಣ್ಣಕ್ಕೆ 5,000. ಒಟ್ಟು ರೂ. 1,20,800, ಅಂದರೆ ಕೂಗಿದ ಬೆಲೆಯ ಇಮ್ಮಡಿಗಿಂತಲೂ ಹೆಚ್ಚು. ನೋಂದಣಿ, ವಿಮೆ ಇದರಲ್ಲಿ ಸೇರಿಲ್ಲ. ಸರ್ಕಾರದಿಂದ ಹಳೆಯ ವಾಹನ ಕೊಳ್ಳುವ ಜಿ.ಎಸ್.ಟಿ. ನೋಂದಾಯಿತರು 2017ರ ಅಕ್ಟೋಬರಿನ ಅಧಿಸೂಚನೆಯಂತೆ ತೆರಿಗೆಯನ್ನು ತಾವೇ ಕಟ್ಟಬೇಕು. ಉದ್ಯಮದ ಸರಕು ಸಾಗಣೆಗೆ ಬಳಸುವುದಾದರೆ ಅದನ್ನು ಜಮೆ ಪಡೆಯಲೂ ಅವಕಾಶವಿದೆ. ನೋಂದಾಯಿಸದವರಿಗೆ ಅದು ಪೂರ್ತಿ ಖರ್ಚೇ. ಹಣ ಕಟ್ಟಿದ ಮೇಲೆ ಮಾಲನ್ನು ಎತ್ತಲು ನೀಡುವ ಗಡುವು ಮೀರಿದರೆ ನೆಲ ಬಾಡಿಗೆ ಬೀಳುವುದರಿಂದ, ಲಾರಿಯನ್ನು ಗೊತ್ತುಮಾಡಿಕೊಂಡೇ ಬಾಕಿ ಹಣ ಕಟ್ಟುವುದು ಅನುಭವಸ್ಥರ ಪದ್ಧತಿ.