ಆ ಮೊಣಕಾಲು ತಿಕ್ಕಿಸಬೇಡ



ಎರಡು ತಿಂಗಳಾಯಿತು, ಎಡ ಮೊಣಕಾಲಿನ ನೋವು ಹೋಗಿಲ್ಲ, ಮೇಲ್ಗಡೆ ಬಾವು ಬಂದಿದೆ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಸೈಕಲ್ ತುಳಿದದ್ದಕ್ಕೆ ಬಂದ ನೋವು ಅನ್ನುವುದು ನಿನ್ನ ವಾದ. ಇರಬಹುದು. ವಿಜಯಪುರದಲ್ಲಿ ರೇಸಿಗೆ ಬಿದ್ದ ಹುಡುಗರ ಪೈಕಿ ಮೊಣಕಾಲು ನೋಯದವರು ಯಾರು? ಆದರೆ ಅಂಥ ನೋವು ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ನಿನ್ನದು ರಾತ್ರಿ ಸುಮ್ಮನೆ ಮಲಗಿದಾಗಲೇ ಏರುತ್ತಿದೆಯಂತೆ. ಅದಕ್ಕೇ ಈ ಪತ್ರ.

ಎಲುಬಿನ ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಕಡೆ ಮನೆಯೊಳಗೆ ಆಡುವುದಿಲ್ಲ. ನಿನ್ನ ದೊಡ್ಡಪ್ಪನಾದ ನಾನು ಆಡುತ್ತೇನೆ. ಅದರಲ್ಲೊಂದು ಬಗೆಯಾದ ಆಸ್ಟಿಯೊಸಾರ್ಕೊಮಾ ಬಹಳ ಅಪರೂಪದ ರೋಗ. ಆದರೆ ಬಂದರೆ ಹೆಚ್ಚಾಗಿ ನಿನ್ನ ವಯಸ್ಸಿನಲ್ಲೇ, ಹತ್ತರಿಂದ ಇಪ್ಪತ್ತರೊಳಗೆ ಬರುತ್ತದೆ. ಆ ವಯಸ್ಸಿನಲ್ಲಿ ಕಾಲು ಉದ್ದವಾಗುವುದು ಮುಖ್ಯವಾಗಿ ಮೊಣಕಾಲಿನ ಆಚೀಚೆ. ಆಸ್ಟಿಯೊಸಾರ್ಕೊಮಾ ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಎಲುಬು ಕಟ್ಟುವ ಜೀವಕೋಶಗಳು ಹದ ತಪ್ಪಿ ಬೆಳೆಯುತ್ತ ಸುಡದ ಇಟ್ಟಿಗೆಯಂಥ ಕಚ್ಚಾ ಎಲುಬನ್ನು ಪೇರಿಸುತ್ತವೆ. ಅದು ಹೊರಪೊರೆಯನ್ನು ಎತ್ತುತ್ತದೆ. ನರಗಳು ಹೆಚ್ಚಾಗಿರುವುದು ಆ ಪೊರೆಯಲ್ಲಿ, ಅದಕ್ಕೇ ಆ ಪರಿ ನೋವು. ಒಳಗಿನ ಗಟ್ಟಿತನ ಹೋಗಿ ಕೆಲವರಿಗೆ ಸಣ್ಣ ಪೆಟ್ಟಿಗೇ ಎಲುಬು ಮುರಿಯುತ್ತದೆ. ಬಿದ್ದದ್ದರಿಂದ ಗಡ್ಡೆ ಬಂತು ಎನ್ನುತ್ತಾರೆ, ಅದು ಸುಳ್ಳು. ಮೊದಲೇ ಇದ್ದದ್ದು ಬಿದ್ದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೇ. ನನ್ನಂಥ ಮುದುಕರ ಲೆಕ್ಕ ಬೇರೆ: ನಮ್ಮ ಎಲುಬಿನಲ್ಲಿ ಕಾಣುವುದು ಬಹುತೇಕ ಪ್ರಾಸ್ಟೇಟ್, ಸ್ತನ, ಶ್ವಾಸಕೋಶದಿಂದ ಹರಿದು ಬಂದ ಕ್ಯಾನ್ಸರ್.

ನಿನ್ನ ವಯಸ್ಸಿನವರಲ್ಲಿ ಆಸ್ಟಿಯೊಸಾರ್ಕೊಮಾ ರಕ್ತದ ಮೂಲಕ ಮೊದಲು ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ. ಕೆನಡಾದ ಟೆರ್ರಿ ಫಾಕ್ಸ್ ಎಂಬ ಯುವಕನಿಗೆ 1977ರಲ್ಲಿ ಇದೇ ರೋಗಕ್ಕೆ ಬಲಗಾಲು ತೆಗೆದರು. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು 143 ದಿನ, 5,373 ಕಿಲೋಮೀಟರ್ ಓಡಿದ. ಓಟ ನಿಲ್ಲಿಸಿದ್ದು ಕಾಲು ಅಲ್ಲ, ಎದೆಗೆ ಹಬ್ಬಿದ ಕ್ಯಾನ್ಸರ್. ಬರೀ ಕಾಲು ಕತ್ತರಿಸುತ್ತಿದ್ದ ಕಾಲದಲ್ಲಿ ನೂರರಲ್ಲಿ ಇಪ್ಪತ್ತು ಮಂದಿ ಉಳಿದರೆ ಹೆಚ್ಚು. ಈಗ ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಕಿಮೊಥೆರಪಿ ಕೊಡುತ್ತಾರೆ. ರೋಗ ಹಬ್ಬುವ ಮುನ್ನ ಸಿಕ್ಕರೆ ಅರವತ್ತಕ್ಕಿಂತ ಹೆಚ್ಚು ಮಂದಿ ಉಳಿಯುತ್ತಾರೆ. ಎಷ್ಟೋ ಜನರ ಕಾಲನ್ನೂ ಉಳಿಸಿ, ಕೆಟ್ಟ ಎಲುಬಿನ ಜಾಗದಲ್ಲಿ ಲೋಹದ ಕೀಲು ಕೂಡಿಸುತ್ತಾರೆ.

ಹಾಗಾಗಿ ಎಣ್ಣೆ ಹಚ್ಚಿ ತಿಕ್ಕಿಸಬೇಡ. ಬಿಗಿಯಾಗಿ ಪಟ್ಟಿ ಕಟ್ಟಿಸಬೇಡ, ಬರೆಯಂತೂ ಬೇಡವೇ ಬೇಡ. ಮುರಿದ ಕೈ ಕೂಡಿಸುವವರ ಕೈಗುಣದ ಬಗ್ಗೆ ನಾನು ವಾದ ಮಾಡುವುದಿಲ್ಲ, ಆದರೆ ಗಡ್ಡೆ ಬೇರೆ. ಅವರ ಬಳಿ ಕಳೆಯುವ ಒಂದೊಂದು ತಿಂಗಳೂ ರೋಗದ ಪಾಲು.

ಮೊದಲು ಎಕ್ಸ್-ರೇ ತೆಗೆಸು. ಅದರಲ್ಲಿ ಸಂಶಯ ಬಂದರೆ ಇನ್ನೊಂದು ಮಾತು ನೆನಪಿಡು. ಊರ ಹತ್ತಿರದ ಯಾರಾದರೂ ‘ಸ್ವಲ್ಪ ಕೊಯ್ದು ನೋಡೋಣ’ ಅಂದರೆ ಒಪ್ಪಬೇಡ. ಪರೀಕ್ಷೆಗೆ ತುಣುಕು ತೆಗೆಯುವ ಬಯಾಪ್ಸಿಯ ಜಾಗವನ್ನು ಮುಂದೆ ಆಪರೇಷನ್ ಮಾಡುವ ವೈದ್ಯರೇ ಗುರುತಿಸಬೇಕು. ಸೂಜಿ ಹೋದ ದಾರಿಯನ್ನೂ ಅವರು ಗಡ್ಡೆಯ ಜೊತೆ ತೆಗೆಯಬೇಕಾಗುತ್ತದೆ. ತಪ್ಪು ಜಾಗದಲ್ಲಿ ಕೊಯ್ದರೆ ಉಳಿಯಬೇಕಾದ ಕಾಲು ಹೋಗಬಹುದು. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆ ಇಂಥ ಕೆಲಸವೇ ನಿತ್ಯದ್ದು.

ದುಡ್ಡಿನ ಚಿಂತೆ ಅಪ್ಪನಿಗೆ ಬಿಡು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ, ಅಷ್ಟೇ.

ಬಹಳ ಮಾಡಿ ಇದು ಬರೀ ಸ್ನಾಯುವಿನ ನೋವೇ ಆಗಿರುತ್ತದೆ; ಆಗ ಈ ಮುದುಕನನ್ನು ನೋಡಿ ನಗು. ಸೋಮವಾರ ತರಬೇತಿಗೆ ರಜೆ ಹಾಕಿ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಎಕ್ಸ್-ರೇ ಫಿಲ್ಮ್ ಮಡಚದೆ ಮನೆಗೆ ತಾ.